ಸಕ್ಕರೆ ನೀರಿನಲ್ಲಿ ತಂಬಾಕಿನೆಲೆ

ಅವರ ಬಲ ಅಂಗೈಯ ನಡುವೆ ಒಂದು ದುಂಡನೆಯ ಗುರುತಿತ್ತು, ಹಳೆಯ ನಾಲ್ಕಾಣೆಯಷ್ಟು. ಎಲೆಯಿಂದ ಬಿಲ್ಲೆ ಕತ್ತರಿಸುವ ಲೋಹದ ಕೊಳವೆಯನ್ನು ಒತ್ತಿ ಒತ್ತಿ ಮೂಡಿದ್ದು. ಪ್ರಸಾದಕ್ಕೆ ಕೈ ಚಾಚಿದಾಗ ಮೊದಲು ಅದೇ ಕಣ್ಣಿಗೆ ಬೀಳುತ್ತಿತ್ತು.

ಲ್ಯಾಬಿನಲ್ಲಿ ಎಲ್ಲರಿಗೂ ಅವರು ಮ್ಯಾಡಂ. ನಮ್ಮ ಬೆಳಗಾವಿ ಕಡೆ ಕಲಿಸುವ ಹೆಂಗಸರಿಗೆ ಅಕ್ಕೋರು ಅನ್ನುತ್ತಾರೆ, ಹಾಗಾಗಿ ನನಗೆ ಅಕ್ಕೋರು. ಕಾಲೇಜೊಂದರಲ್ಲಿ ಸಸ್ಯಶಾಸ್ತ್ರ ಕಲಿಸುತ್ತಿದ್ದವರು ನಡುವಯಸ್ಸಿನಲ್ಲಿ ರಜೆ ಪಡೆದು ಪಿಎಚ್.ಡಿ.ಗೆ ಕೂತಿದ್ದರು. ನಾನು ಆಗಷ್ಟೇ ಎಂ.ಎಸ್ಸಿ. ಮುಗಿಸಿ ಅದೇ ಲ್ಯಾಬಿಗೆ ಸೇರಿದ್ದೆ. ಇಬ್ಬರ ಮನೆಯೂ ಮುಂಬೈಯ ದಹಿಸರ್‌ನಲ್ಲಿ. ಬೆಳಗಿನ ಲೋಕಲ್ ರೈಲು, ಲೇಡೀಸ್ ಡಬ್ಬ. ಯಾರಾದರೂ ಮೆಂತ್ಯಸೊಪ್ಪು ಬಿಡಿಸುತ್ತ ಕೂತಿದ್ದರೆ ಅಕ್ಕೋರೂ ಕೈ ಹಾಕುವರು. ಹಳದಿ ಎಲೆ ಸಿಕ್ಕರೆ ಮಾತ್ರ ಎಸೆಯದೆ ತಿರುವಿ ತಿರುವಿ ನೋಡುವರು. “ಇದ ಒಂದ ಯಾಕ ಮೊದಲ ಮುಪ್ಪಾತು?”

ಅವರ ಪ್ರಶ್ನೆಯೆಲ್ಲ ಅದೇ. ಬಾಳೆಕಾಯಿಯನ್ನು ಹಣ್ಣು ಮಾಡುವ ಎಥಿಲೀನ್ ಎಂಬ ಅನಿಲವನ್ನು ಎಲೆಗಳೂ ತುಸುತುಸುವೇ ಬಿಡುತ್ತವೆ. ಎಲೆ ಹಳದಿಯಾಗುವುದರಲ್ಲಿ ಅದರ ಕೈವಾಡವಿದೆ. ಎಲೆಗೆ ಸಕ್ಕರೆ ಉಣಿಸಿದರೆ ಆ ಅನಿಲ ಹೆಚ್ಚುತ್ತದೆಯೇ? “ಹೂದಾನಿ ನೀರಿಗೆ ಚೂರು ಸಕ್ರಿ ಹಾಕಿದ್ರ ಹೂ ನಾಕ ದಿನ ಹೆಚ್ಚಿಗಿ ಬಾಳ್ತೈತಿ. ಎಲಿಗೆ ಹಾಕಿದ್ರ ಬಾಳ್ತೈತೋ, ಲಗೂನ ಮುಪ್ಪಾಗ್ತೈತೋ?” ಎನ್ನುತ್ತಿದ್ದರು. ತಾವು ಮಾತ್ರ ಚಹಾಕ್ಕೆ ಮೂರು ಚಮಚ ಸುರಿದುಕೊಳ್ಳುವವರು. ನಾನು ಕಣ್ಣರಳಿಸಿದರೆ, “ನಾ ಏನ್ ಎಲಿ ಅಲ್ಲ, ನೀ ಸುಮ್ನ ಕುಡಿ.”

ತಂಬಾಕು ಬೆಳೆಯುವ ನಿಪ್ಪಾಣಿ ಕಡೆಯವರು, ಪ್ರಯೋಗಕ್ಕೂ ತಂಬಾಕಿನೆಲೆಯೇ. “ಇಷ್ಟ ಓದಿಸಿ ಮುಂಬೈಗೆ ಕಳಿಸಿದ್ದು ತಿರುಗಿ ತಂಬಾಕ ಕೊಯ್ಯಾಕೇನ?” ಎಂದು ಅವರ ತಾಯಿ ಬೈಯುತ್ತಿದ್ದರಂತೆ.

ಕೆಲಸ ನೋಡಲು ಸಾದಾ. ಎಲೆಯ ಬಿಲ್ಲೆಗಳನ್ನು ಕೆಲವು ಸೀಸೆಗಳಲ್ಲಿ ಬರೀ ನೀರಿನ ಮೇಲೆ, ಕೆಲವುಗಳಲ್ಲಿ ಸಕ್ಕರೆ ನೀರಿನ ಮೇಲೆ ತೇಲಿಸಿ ರಬ್ಬರ್ ಮುಚ್ಚಳ ಬಿಗಿಯುವುದು. ಮರುದಿನ ಸಿರಿಂಜಿನಿಂದ ಒಳಗಿನ ಗಾಳಿ ಎಳೆದು ಮಷಿನ್ನಿಗೆ ಕೊಟ್ಟರೆ ಅದು ಕಾಗದದ ಮೇಲೆ ಗೆರೆ ಎಳೆಯುತ್ತದೆ. ಎಥಿಲೀನ್ ಇದ್ದಷ್ಟೂ ಗೆರೆ ಮೇಲೇರುತ್ತದೆ.

ಆ ವರ್ಷ ದೀಪಾವಳಿಗೆ ಅವರ ರಜೆ ಮುಗಿಯುವುದಿತ್ತು. ಅಷ್ಟರೊಳಗೆ ಫಲಿತಾಂಶ ಸಿಗದಿದ್ದರೆ ಮಷಿನ್ ಬೇರೆಯವರ ಪಾಲು, ಇವರಿಗೆ ಮತ್ತೆ ಕಾಲೇಜು. ಗೆರೆಗಳೋ, ಒಂದು ದಿನ ಹೀಗೆ, ಒಂದು ದಿನ ಹಾಗೆ.

ಖಂಡೇನವಮಿ ಬಂತು. ಆಯುಧ ಪೂಜೆ ಬಿಡುವವರಲ್ಲ ಅಕ್ಕೋರು. ಬೆಳಿಗ್ಗೆ ನೀರಿನ ಸೀಸೆಗಳನ್ನು ಮುಚ್ಚಿಟ್ಟು, ಮಾಟುಂಗದಲ್ಲಿ ಕೊಂಡ ಸೇವಂತಿಗೆಯನ್ನು ಮಷಿನ್ನಿನ ತಲೆಗೆ ಮುಡಿಸಿ, ಕುಂಕುಮ ಹಚ್ಚಿ, ಕೈತುಂಬ ಊದುಬತ್ತಿ ಬೆಳಗಿದರು. ಎಲ್ಲರಿಗೂ ಪ್ರಸಾದ ಕೊಟ್ಟಾದ ಮೇಲೆ ಸಕ್ಕರೆ ನೀರಿನ ಸೀಸೆಗಳಿಗೆ ಕೂತರು.

ಮರುದಿನ ದಸರಾ, ಆದರೂ ಬಂದೆವು. ನೀರಿನ ಗೆರೆ ನೆಲಕ್ಕಂಟಿತ್ತು, ಸಕ್ಕರೆಯದು ಗುಡ್ಡದಂತೆ ಎದ್ದಿತು. ಅಕ್ಕೋರ ಗೈಡ್ ಫೋನಿನಲ್ಲೇ ಶಾಭಾಸ್ ಎಂದರು. ಅದರ ಮರುದಿನ ಲ್ಯಾಬಿಗೆಲ್ಲ ಪೇಢೆ.

ಅಂದು ಸಂಜೆ ಏನೋ ಮರೆತು ತಿರುಗಿ ಒಳಗೆ ಬಂದ ಅಕ್ಕೋರು ಬಾಗಿಲಲ್ಲೇ ನಿಂತುಬಿಟ್ಟರು.

“ತಂಗಿ, ವಾಸನಿ ಬರ್ತೈತೇನು?”

“ಪೂಜೀದು ಅಕ್ಕೋರ. ಛಲೋ ಐತಿ.”

ಅವರು ನಗಲಿಲ್ಲ. ಒಂದು ಊದುಬತ್ತಿ ಹಚ್ಚಿ, ಹೊಗೆಯಾಡಿದ ಗಾಳಿಯನ್ನು ಖಾಲಿ ಸೀಸೆಯಲ್ಲಿ ಮುಚ್ಚಿ, ಸಿರಿಂಜಿನಿಂದ ಎಳೆದು ಮಷಿನ್ನಿಗೆ ಕೊಟ್ಟರು. ಎಲೆಯೇ ಇಲ್ಲದ ಸೀಸೆ. ಗೆರೆ ಗುಡ್ಡದಂತೆ ಎದ್ದಿತು. ಹೊಗೆಯಲ್ಲೂ ಎಥಿಲೀನ್ ಇರುತ್ತದೆ. ನೀರಿನ ಸೀಸೆಗಳನ್ನು ಮುಚ್ಚಿದ್ದು ಪೂಜೆಗೆ ಮುಂಚೆ, ಸಕ್ಕರೆಯವನ್ನು ಪೂಜೆಯ ಹೊಗೆಯಲ್ಲಿ.

ಗೈಡ್ ಕಾಗದ ನೋಡಿ ಬದಿಗಿಟ್ಟರು. “ಅರೆ, ರೆಹನೇ ದೋ. ಅಗರಬತ್ತೀ ಕಿಸ್ನೇ ದೇಖೀ?” ಇರಲಿ ಬಿಡಿ, ಊದುಬತ್ತಿ ಯಾರು ನೋಡಿದ್ದಾರೆ ಎಂಬ ಧಾಟಿ.

“ಸರ್, ಮೈನೇ ದೇಖೀ”, ನಾನು ನೋಡಿದ್ದೇನೆ ಎಂದರು ಅಕ್ಕೋರು.

ಪೇಢೆ ತಿಂದವರ ಹತ್ತಿರವೆಲ್ಲ ತಾವೇ ಹೋಗಿ ಹೇಳಿ ಬಂದರು. ಲೋಕಲ್‌ನಲ್ಲಿ ಬೋರಿವಲಿವರೆಗೂ ಯಾರದೋ ಮೆಂತ್ಯಸೊಪ್ಪು ಬಿಡಿಸಿದರು. ಆಮೇಲೆ, “ಪೂಜಿ ಮಾಡಿದ್ದು ತಪ್ಪಲ್ಲ ತಂಗಿ. ಆದ್ರ ಹೊಗೀನ ಎಲಿ ಹೆಸರಿಗೆ ಬರೀಬಾರದು.”

ರಜೆ ಮುಗಿಯಿತು. ಆಮೇಲೆ ಶನಿವಾರಗಳು, ಬೇಸಿಗೆ ರಜೆಗಳು. ಮಷಿನ್ ಖಾಲಿ ಇದ್ದಾಗ ಕೈಕಾಲು ಹಿಡಿದು ಕೇಳುವುದು. ಜೊತೆಗೆ ಓದುತ್ತಿದ್ದವರು ಡಾಕ್ಟರೇಟ್ ಪಡೆದು ಹೋದರು. ಕೊನೆಗೆ ಸಿಕ್ಕ ಉತ್ತರ ಸಣ್ಣದು: ಅವರ ತಂಬಾಕಿನೆಲೆಯಲ್ಲಿ ಸಕ್ಕರೆಯಿಂದ ಎಥಿಲೀನ್ ಹೆಚ್ಚುವುದು ನಿಜ, ಆದರೆ ಆ ಗುಡ್ಡದಷ್ಟಲ್ಲ. ನಾನು ಮುಖ ಸಪ್ಪಗೆ ಮಾಡಿದೆ.

“ಗುಡ್ಡ ಹೋಗಿ ದಿನ್ನಿ ಆದ್ರ ಏನಾತು? ಎಲೀದ ಐತಿ” ಎಂದು ಚಹಾಕ್ಕೆ ಮೂರನೆಯ ಚಮಚ ಹಾಕಿಕೊಂಡರು.

ಪ್ರತಿ ಖಂಡೇನವಮಿಗೂ ಮಷಿನ್ನಿಗೆ ಪೂಜೆ ನಡೆಯಿತು, ಬರೀ ಹೂ, ಕುಂಕುಮ. ನಾನು ಆಮೇಲೆ ಶಾಲೆಯಲ್ಲಿ ವಿಜ್ಞಾನ ಕಲಿಸಲು ಸೇರಿದೆ. ಉತ್ತರ ಚೆಂದ ಬಂತೆಂದು ಕುಣಿಯುತ್ತ ಬರುವ ಮಕ್ಕಳಿಗೆ “ಖಾಲಿ ಸೀಸೆ ನೋಡಿದ್ಯಾ?” ಎಂದು ಕೇಳುತ್ತೇನೆ. ನನ್ನ ಮಾತೆಂದು ತಿಳಿದಿದ್ದಾರೆ.

ಕಳೆದ ಶ್ರಾವಣದಲ್ಲಿ ಅಕ್ಕೋರು ಹೋದರು. ದಹಿಸರ್‌ನ ಮನೆಯಲ್ಲಿ ಫೋಟೋದ ಮುಂದೆ ಬಂದವರೆಲ್ಲ ಊದುಬತ್ತಿ ಹಚ್ಚಿದ್ದರು. ಬಾಲ್ಕನಿಯ ಕುಂಡದಲ್ಲಿ ಅವರ ತಂಬಾಕಿನ ಗಿಡ, ಬುಡದ ಒಂದೆಲೆ ಹಳದಿ. ನಾನು ಎದ್ದು ಬಾಲ್ಕನಿಯ ಬಾಗಿಲೆಳೆದೆ.

“ಆಂಟಿ, ದರವಾಜಾ ಯಾಕೆ ಬಂದ್?” ಎಂದಳು ಅವರ ಮಗಳು, ತಡವರಿಸುವ ಕನ್ನಡದಲ್ಲಿ.

“ಹೊಗಿ ಗಿಡಕ್ಕ ಹೋಗ್ತೈತವ್ವ.”

ಅವಳು ಊದುಬತ್ತಿಗಳನ್ನೆಲ್ಲ ಎತ್ತಿಕೊಂಡು ಹೋಗಿ ನಲ್ಲಿಯಡಿ ಹಿಡಿದಳು. ಫೋಟೋದ ಮುಂದೆ ಸೇವಂತಿಗೆ ಮಾತ್ರ ಉಳಿಯಿತು.