ಭೂತಕ್ಕೆ ಕೈಮುಗಿದವಳು

ನನ್ನ ಪುಸ್ತಕಕ್ಕೆ ಜೀವ ಕೊಟ್ಟ ಮಾತು ನನ್ನದಲ್ಲ — ನನ್ನ ಹೆಂಡತಿ ಸುಮತಿಯದು. ಇಂದು, ಶನಿವಾರ ಬೆಳಿಗ್ಗೆ ಒಂಬತ್ತಕ್ಕೆ, ಸೌತ್ ಬಿ ಬಡಾವಣೆಯ ನಮ್ಮ ಮನೆಯಲ್ಲಿ, ಅವಳ ಮತ್ತು ಮಗಳು ವಿದ್ಯಾಳ ಎದುರು ಇದನ್ನು ಒಪ್ಪಿಕೊಂಡೆ.

ನಾನು ದೇಶ ಬಿಟ್ಟು ಬಂದು ಇಲ್ಲಿನ ಕಾಲೇಜಿನಲ್ಲಿ ಇಂಗ್ಲಿಷ್ ಕಲಿಸಿದವನು. ವಿಕ್ಟೋರಿಯಾ ರಾಣಿಯ ಕಾಲದ ಹೆಸ್ಟರ್ ಕ್ರಾಂಬಿ ನನ್ನ ವಿಷಯ — ಪಾದ್ರಿಯ ವಿಧವೆ, ಮಕ್ಕಳನ್ನು ಸಾಕಲು ಭಯಾನಕ ಕಾದಂಬರಿಗಳನ್ನು ಬರೆದವಳು. ಅವಳ ಪ್ರತಿ ಕಾದಂಬರಿಯಲ್ಲೂ ಸತ್ತವರು ಮರಳಿ ಬರುತ್ತಾರೆ. ವಿಮರ್ಶಕರು ಅದನ್ನು ಅಗ್ಗದ ಭಯವೆಂದು ತಳ್ಳಿಹಾಕಿದ್ದರು. ನಾನೂ ಹಾಗೆಯೇ ಪಾಠ ಮಾಡುತ್ತಿದ್ದೆ. ಊಟವಾದ ಮೇಲೆ ಆ ಕಥೆಗಳನ್ನು ಸುಮತಿಗೆ ಕನ್ನಡದಲ್ಲಿ ಹೇಳುವುದು ನನ್ನ ರೂಢಿ. ಒಮ್ಮೆ ಘೋಸ್ಟ್ ಎಂಬುದಕ್ಕೆ ಭೂತ ಎಂದೆ. ಮೈಸೂರಿನವನಾದ ನನಗೆ ಭೂತವೆಂದರೆ ದೆವ್ವ. ಉಡುಪಿಯ ಅವಳಿಗೆ ದೈವ. ಥಟ್ಟನೆ ಕೈಮುಗಿದಳು. ನಾನು ನಕ್ಕೆ.

"ನಗ್ಬೇಡಿ ಮಾರಾಯ್ರೆ. ಭೂತ ಹೆದರಿಸ್ಲಿಕ್ಕೆ ಬರುದಲ್ಲ, ನ್ಯಾಯ ಹೇಳ್ಲಿಕ್ಕೆ ಬರುದು. ನಿಮ್ಮ ಹೆಸ್ಟರಮ್ಮನಿಗೆ ಅದು ಗೊತ್ತುಂಟು. ಕೋರ್ಟಲ್ಲಿ ಸೋತ ಹೆಂಗಸರ ಮನೆಗೇ ಅಲ್ವಾ ಅದು ಬರುದು?"

ಕಾದಂಬರಿಗಳನ್ನೆಲ್ಲ ಮತ್ತೆ ಓದಿದೆ. ಅವಳು ಹೇಳಿದ್ದೇ ಸರಿ. ಆ ಒಂದು ಮಾತಿನ ಮೇಲೆ ಪುಸ್ತಕ ಕಟ್ಟಿದೆ. ಇದೇ ನಗರದ ಅಪ್ಪರ್ ಹಿಲ್‌ನ ಸಭಾಂಗಣವೊಂದರಲ್ಲಿ ಅದರ ಬಿಡುಗಡೆ. ಈ ಹೊಳಹು ಎಲ್ಲಿಂದ ಬಂತೆಂದು ಯಾರೋ ಕೇಳಿದರು. ಮುಂದಿನ ಸಾಲಿನಲ್ಲಿದ್ದ ಸುಮತಿ ಕತ್ತೆತ್ತಿ ನನ್ನನ್ನೇ ನೋಡುತ್ತಿದ್ದಳು — ಹೌದು, ನೋಡುತ್ತಿದ್ದಳು —

"ಓದ್ತಾ ಓದ್ತಾ ನನಗೇ ಹೊಳೀತು," ಎಂದೆ.

ಅವಳು ಜಗಳವಾಡಲಿಲ್ಲ. ಮರುದಿನದಿಂದ ಊಟವಾದ ಕೂಡಲೇ ಎದ್ದುಬಿಡುತ್ತಿದ್ದಳು. ಕಥೆ ಕೇಳಲು ಮತ್ತೆ ಕೂರಲೇ ಇಲ್ಲ. ಕಾರಣ ನನಗೆ ಗೊತ್ತಿತ್ತು. ಗೊತ್ತಿದ್ದೂ —

ವರ್ಷಗಳ ಮೇಲೆ ಈಗ ಆ ಪುಸ್ತಕದ ಮರುಮುದ್ರಣ. ಸುಮತಿಯ ಹೆಸರಿಲ್ಲದ ಅದೇ ಸುಳ್ಳನ್ನು ಎರಡನೆಯ ಸಲ ಅಚ್ಚು ಹಾಕಿಸಲಾರೆ — ಇಬ್ಬರಿಗೂ ಹಾಗೆಂದೆ.

"ಪಪ್ಪಾ, ಆಲ್ ದೀಸ್ ಇಯರ್ಸ್?" ಎಂದಳು ವಿದ್ಯಾ. ಸುಮತಿ ಬಟಾಣಿ ಸುಲಿಯುತ್ತಲೇ ಇದ್ದಳು.

"ಹೆಸ್ಟರಮ್ಮನ ಕೊನೇ ಕಾದಂಬರಿ ಬಗ್ಗೆಯೂ ನಂಗೊಂದು ಹೊಳೆದಿತ್ತು," ಎಂದಳು. "ಆ ಬಿಡುಗಡೆ ದಿನ ವಾಪಸ್ ಬರುವಾಗ ಮಟಾಟು ವ್ಯಾನಲ್ಲಿ ಹೇಳುವ ಅಂತ ಇದ್ದೆ."

"ಈಗ ಹೇಳು."

"ಈಗ ಎಲ್ಲಿ ನೆನಪುಂಟು?"

ನಿಜವೋ, ಅಲ್ಲವೋ — ಕೇಳುವ ಹಕ್ಕು ನನಗಿಲ್ಲ.

ಪ್ರಕಾಶಕರಿಗೆ ಫೋನ್ ಮಾಡಿದೆ. ಆ ಮಾತು ಯಾರದೆಂದು ಮುನ್ನುಡಿಯ ಮೊದಲ ಸಾಲಿನಲ್ಲೇ ಇರಬೇಕೆಂದೆ. ಹೆಸರು ಕೇಳಿದರು. ಒಂದೊಂದೇ ಅಕ್ಷರ ಬಿಡಿಸಿ ಹೇಳಿದೆ, ಅವರಿಂದ ತಿರುಗಿ ಹೇಳಿಸಿದೆ, ಫೋನ್ ಇಟ್ಟೆ.