ಬೆಕ್ಕಿನ ಕೊರಳಿಗೆ ಬಾಳೆನಾರು

ಸ್ನೇಹಿತರೇ, ಇಂದು ದೀಪಾವಳಿಯ ಬೆಳಿಗ್ಗೆಯೇ ನಮ್ಮ ಮನೆಯವರು ಕೊಬ್ಬರಿ ಅಟ್ಟದ ಏಣಿ ಹತ್ತಬೇಕಾಯಿತು. ಕಾಯಿ ಇಳಿಸುವುದಕ್ಕಲ್ಲ, ಬೆಕ್ಕನ್ನು ಇಳಿಸುವುದಕ್ಕೆ.

ನಿನ್ನೆ ತಿಪಟೂರಿನಿಂದ ಅದರ ಕೊರಳಿಗೊಂದು ನೈಲಾನ್ ಪಟ್ಟಿ ತಂದು ಕಟ್ಟಿದ್ದರು. "ಎಷ್ಟು ಎಳೆದ್ರೂ ಹರಿಯಲ್ವಂತೆ ಕಣೇ, ಅಂಗಡಿಯವ್ನು ಗ್ಯಾರಂಟಿ ಕೊಟ್ಟವ್ನೆ," ಎಂದು ಹಿಗ್ಗಿದ್ದರು. ಇಂದು ಪಕ್ಕದ ಮನೆಯವರು ಸರಪಟಾಕಿ ಹಚ್ಚಿದ್ದೇ ತಡ, ಬೆಕ್ಕು ಹೆದರಿ ಅಟ್ಟಕ್ಕೆ ನೆಗೆಯಿತು. ಪಟ್ಟಿ ಬಿದಿರು ದಬ್ಬೆಯ ತುದಿಗೆ ಸಿಕ್ಕಿ ಕೊರಳು ಬಿಗಿಯಿತು. ಪಾಪ, ಕೂಗಲೂ ಆಗದೆ ಕಾಲು ಬಡಿಯುತ್ತಿತ್ತು. ಇವರು ಅದನ್ನು ಎತ್ತಿ ಹಿಡಿದು, ಮೈಯೆಲ್ಲ ಪರಚಿಸಿಕೊಂಡು ಬಕಲ್ ಬಿಚ್ಚಿದರು.

ಹುಳಿಯಾರಿನ ಹತ್ತಿರದ ನನ್ನ ತವರಿನಲ್ಲಿ, ಹಬ್ಬದ ದಿನ ಹಸುಗಳಿಗೆ ಹಾರ ಹಾಕಿದ ಮೇಲೆ ಅವ್ವ ಉಳಿದ ಚೆಂಡುಹೂವನ್ನು ಬಾಳೆನಾರಿನಲ್ಲಿ ಬೆಕ್ಕಿಗೂ ಕಟ್ಟುತ್ತಿದ್ದಳು. ನಾರಿನೊಳಗೆ ಎರಡು ಬೆರಳು ತೂರಿಸಿ ಸಡಿಲ ನೋಡುತ್ತಿದ್ದಳು. ಮಧ್ಯಾಹ್ನದೊಳಗೆ ಅದು ಎಲ್ಲೋ ಸಿಕ್ಕಿ ಹರಿದುಹೋಗಿರುತ್ತಿತ್ತು. ನಾನು ಅತ್ತರೆ, "ಹರೀಲಿ ಬುಡು ಮಗ, ಬೆಕ್ಕು ಮನೆಗೆ ಬಂತಲ್ಲ," ಎನ್ನುತ್ತಿದ್ದಳು. ಅವ್ವ ಈಗಿಲ್ಲ. ಬೆಕ್ಕಿನ ಕೊರಳು ಸವರುವಾಗ ಅವಳ ಬೆರಳುಗಳೇ ನೆನಪಾದವು.

ಒಳಕೋಣೆಯಲ್ಲಿ ಗೋಣಿಚೀಲ ಹಾಸಿ ಬೆಕ್ಕನ್ನು ಮಲಗಿಸಿ, ಪಟಾಕಿ ಸದ್ದು ಕೇಳದಂತೆ ಬಾಗಿಲು ಹಾಕಿದೆ. ಇವರು ಪಟ್ಟಿಯನ್ನು ಜೇಬಿಗೆ ಸೇರಿಸಿದರು.

"ಹಬ್ಬ ಮುಗೀಲಿ, ಅಂಗಡಿಗೆ ವಾಪಸ್ ಕೊಟ್ಟು ಬತ್ತೀನಿ."

"ಏನಂತ ಹೇಳಿ ಕೊಡ್ತೀರಿ?"

ಪರಚಿದ ಕೈಗೆ ಅರಿಶಿನ ಹಚ್ಚಿಕೊಳ್ಳುತ್ತಾ ಹೇಳಿದರು: "ಹರೀಲಿಲ್ಲ ಅಂತ."