ಬೆನ್ನ ಹಿಂದಿನ ಬೀದಿ

ಮನೆಯಿಂದ ಹೊರಡುವ ಮುಂಚೆ ಅವಳು ಬಾಗಿಲ ಪಕ್ಕದ ಮೆಟ್ಟಿಲ ಮೇಲೆ ಕೂತು ಎರಡೂ ಬೂಟುಗಳನ್ನು ಮಗುಚಿ ಅಟ್ಟೆ ನೋಡುತ್ತಾಳೆ. ಅಂಟು ಬಿಟ್ಟಿದೆಯೇ, ಅಂಚು ಎದ್ದಿದೆಯೇ ಎಂದು ಹೆಬ್ಬೆರಳಿನಿಂದ ಒತ್ತಿ ನೋಡಿ ಆಮೇಲೆ ಮೆಟ್ಟಿಕೊಳ್ಳುತ್ತಾಳೆ. ಮೈ ಬೆಚ್ಚಗಿದ್ದ ದಿನವೂ ಇದನ್ನು ತಪ್ಪಿಸಿದವಳಲ್ಲ. ಎಲ್ಲರ ಬೂಟು ಹಿಮ್ಮಡಿಯಲ್ಲಿ ಸವೆದರೆ ಇವಳದು ಬೆರಳಿನ ತುದಿಯಲ್ಲಿ ಸವೆಯುತ್ತದೆ. ಯಾಕೆಂದರೆ ಇವಳು ಹೊಟ್ಟೆಪಾಡಿಗಾಗಿ ಹಿಂದಕ್ಕೆ ನಡೆಯುವವಳು.

ಕೆಲಸ ಗೈಡ್. ಊರಿನ ಹಳೆಯ ಸಿರಿವಂತರ ಬಡಾವಣೆಯನ್ನು ನೋಡಲು ಬಂದವರನ್ನು ಕಾಲ್ನಡಿಗೆಯಲ್ಲಿ ಸುತ್ತಿಸುವುದು. ಕಬ್ಬಿಣದ ಬೇಲಿಯ ಚೌಕದ ತೋಟ, ಕಲ್ಲು ಹಾಸಿದ ಓಣಿ, ಹಿಂದೆ ಕುದುರೆ ಕಟ್ಟುತ್ತಿದ್ದ ಲಾಯದಲ್ಲಿ ಈಗ ನಡೆಯುವ ಹಳೇ ಗಡಿಯಾರಗಳ ಅಂಗಡಿ, ಮೂರಂತಸ್ತಿನ ಕೆಂಪು ಇಟ್ಟಿಗೆಯ ಮನೆಗಳ ಸಾಲು, ಕೊನೆಗೆ ಮೂಲೆಯ ಬೇಕರಿಯಲ್ಲಿ ಕಾಫಿ. ಮುಂದೆ ಮುಖ ಮಾಡಿ ನಡೆದರೆ ಮಾತೆಲ್ಲ ಗಾಳಿಪಾಲಾಗುತ್ತದೆ, ಹಿಂದಿನವರು ಚದುರಿಹೋಗುತ್ತಾರೆ. ಅದಕ್ಕೇ ಅವಳು ಜನರತ್ತ ಮುಖ ಮಾಡಿ, ಬೀದಿಗೆ ಬೆನ್ನು ಕೊಟ್ಟು ನಡೆಯುತ್ತಿದ್ದಳು. ಯಾವ ಕಲ್ಲು ಎಲ್ಲಿ ಎದ್ದಿದೆ ಎಂಬುದು ಕಾಲಿಗೇ ಗೊತ್ತಿತ್ತು.

"ರಿವರ್ಸ್ ಅಕ್ಕ ಬಂದ್ರು, ಹಾರ್ನ್ ಹೊಡೀರಪ್ಪೋ!" ಎಂದು ಬೇಕರಿಯವನು ದಿನಾ ಕೂಗುತ್ತಿದ್ದ. ಆ ಹೆಸರೇ ಉಳಿದುಹೋಯಿತು.

ಮನೆಯಲ್ಲಿ ಇರುವವರು ಅವಳು ಮತ್ತು ಅವಳ ಅತ್ತೆ, ಇಬ್ಬರೇ. ಗಂಡ ತೀರಿಕೊಂಡ ಮೇಲೂ ಅತ್ತೆ ಸೊಸೆಯನ್ನು ಬಿಟ್ಟು ಹೋಗಲಿಲ್ಲ, ಸೊಸೆಯೂ ಹೋಗಿ ಎನ್ನಲಿಲ್ಲ. ಎರಡು ಕೋಣೆ, ಒಂದು ಕಿಟಕಿ. ಆ ಕಿಟಕಿಯ ಹತ್ತಿರ ಅತ್ತೆಯ ಕುರ್ಚಿ. ಅತ್ತೆ ಕೂತಿರುವುದು ಅಲ್ಲೇ, ಅವರ ಬಾಯಿಗೆ ಮಾತ್ರ ಬೀಗವಿಲ್ಲ.

ಒಂದು ದಿನ ಜನರನ್ನು ಸುತ್ತಿಸುವಾಗ ಸೊಸೆ ಬಿದ್ದಳು. ಅದು ಅವಳ ಕಾಲಿನ ತಪ್ಪಲ್ಲ. ಯಾರೋ ನೀರಿನ ಪೈಪು ರಿಪೇರಿಗೆ ಫುಟ್‌ಪಾತಿನ ಕಲ್ಲೊಂದನ್ನು ಎತ್ತಿ ಹಾಗೇ ಬಿಟ್ಟಿದ್ದರು. ಹಿಂದಕ್ಕೆ ಇಟ್ಟ ಕಾಲು ಗುಂಡಿಗೆ ಇಳಿಯಿತು. ಅಲ್ಲಿಯವರೆಗೂ ನಗಿಸುತ್ತಲೇ ಬಂದಿದ್ದರಿಂದ ಜನ ಇದನ್ನೂ ತಮಾಷೆ ಎಂದುಕೊಂಡರು. ಒಬ್ಬರು ಚಪ್ಪಾಳೆ ಕೂಡ ತಟ್ಟಿದರು. ದೇವರು ದೊಡ್ಡವನು, ತಲೆ ಕಲ್ಲಿಗೆ ಬಡಿಯಲಿಲ್ಲ. ಮಣಿಕಟ್ಟು ಮುರಿಯಿತು.

ಪಟ್ಟಿ ಹಾಕಿಸಿಕೊಂಡು ಮನೆಯಲ್ಲಿ ಕೂತದ್ದಕ್ಕಿಂತ ಅವಳು ತಿರುಗಿದ್ದೇ ಹೆಚ್ಚು. ಒಲೆಯಿಂದ ಕಿಟಕಿಗೆ, ಕಿಟಕಿಯಿಂದ ಬಾಗಿಲಿಗೆ.

"ಒಂದು ಕಡೆ ಕೂತ್ಕೊಳ್ಳೇ! ನಿನ್ನನ್ನ ನೋಡಿ ನೋಡಿ ನಂಗೆ ತಲೆ ಸುತ್ತು ಬರ್ತಿದೆ," ಎಂದರು ಅತ್ತೆ.

"ಕೂತ್ರೆ ಕಾಲು ಕೇಳಲ್ಲ ಅತ್ತೆ."

"ಮುರಿದಿರೋದು ಕೈ. ಕಾಲಿಗೇನಂತೆ ಸಂಕಟ?"

ಪಟ್ಟಿ ಬಿಚ್ಚಿದ ಮೇಲೆ ಡಾಕ್ಟರು, ಸದ್ಯಕ್ಕೆ ಹಿಂದಕ್ಕೆ ನಡೆಯಬೇಡಿ ಎಂದರು. ಆಫೀಸಿನ ಮ್ಯಾನೇಜರು, "ಮುಂದೆ ನೋಡ್ಕೊಂಡೇ ನಡೀರಿ ಮೇಡಂ, ಸ್ವಲ್ಪ ಜೋರಾಗಿ ಮಾತಾಡಿ, ಅಷ್ಟೇ," ಎಂದರು. ಹೀಗೆ ವರ್ಷಗಟ್ಟಲೆ ಬೆನ್ನಿಗಿದ್ದ ಬೀದಿಯನ್ನು ಅವಳು ಮೊದಲ ಸಲ ಎದುರಿಗೆ ಇಟ್ಟುಕೊಂಡು ಹೊರಟಳು.

ಕೆಂಪು ಮನೆಗಳ ಸಾಲಿನಲ್ಲಿ ನಡುವಿನದೊಂದು ಸಮುದ್ರ ವ್ಯಾಪಾರಿ ಕಟ್ಟಿಸಿದ ಮನೆ. ಅದರ ಮಾಡಿನ ನೆತ್ತಿಯ ಮೇಲೆ, ಅವಳು ಜನರಿಗೆ ಹೇಳುವಂತೆ, ಗಾಳಿ ಬಂದ ಕಡೆ ಮೂತಿ ತಿರುಗಿಸುವ, ಅಂಗೈ ಅಗಲದ ತಾಮ್ರದ ಹಡಗು. ವ್ಯಾಪಾರಿಯ ಹೆಂಡತಿ ಬೆಳಗ್ಗೆ ಎದ್ದು ಗೇಟಿನ ಹತ್ತಿರ ಬಂದು ತಲೆ ಎತ್ತುತ್ತಿದ್ದಳಂತೆ. ಹಡಗಿನ ಮೂತಿ ಕಡಲಿನತ್ತ ಇದ್ದರೆ, ಗಂಡನನ್ನು ತರುವ ಗಾಳಿ ಬೀಸುತ್ತಿದೆ ಎಂದು ಅರ್ಥ. ಅಂದು ಒಳಗೆ ಹೋಗಿ ಅವನ ಹಾಸಿಗೆಯ ಹೊದಿಕೆ ಬದಲಿಸುತ್ತಿದ್ದಳು. ಇವಳು ಹೇಳುವುದರಲ್ಲೆಲ್ಲ ಜನ ಮನಸ್ಸಿಗೆ ಹಚ್ಚಿಕೊಳ್ಳುತ್ತಿದ್ದದ್ದು ಇದನ್ನೇ. ಮನೆಗೆ ಬೆನ್ನು ಮಾಡಿ ನಿಂತು, ಕೈಯನ್ನು ಹೆಗಲ ಮೇಲಿಂದ ಹಿಂದಕ್ಕೆ ಚಾಚಿ, "ಅಲ್ಲಿ ನೋಡಿ" ಎನ್ನುವಳು. ಎದುರಿನ ಮುಖಗಳೆಲ್ಲ ಒಟ್ಟಿಗೆ ಮೇಲೇಳುವುವು, ಮೆತ್ತಗಾಗುವುವು. ಅವಳು ನೋಡುತ್ತಿದ್ದದ್ದು ಆ ಮುಖಗಳನ್ನು.

ಈ ಸಲ ಅವಳೂ ತಲೆ ಎತ್ತಿದಳು. ಮಾಡಿನ ಮೇಲೆ ಬರೀ ಒಂದು ಕಬ್ಬಿಣದ ಸರಳು ನಿಂತಿತ್ತು. ಹಡಗು ಇರಲಿಲ್ಲ. ಸರಳಿನ ತುದಿ ತುಕ್ಕು ಹಿಡಿದು ಕಪ್ಪಾಗಿತ್ತು. ನಿನ್ನೆ ಮೊನ್ನೆಯ ಮಾತಲ್ಲ ಅದು.

ಆದರೆ ಬಾಯಿ ನಿಲ್ಲಲಿಲ್ಲ. ಅದು ತನ್ನ ಪಾಡಿಗೆ ತಾನು ಮೂತಿ, ಕಡಲು, ಹೊದಿಕೆ ಎಂದು ಹೇಳಿ ಮುಗಿಸಿತು. ಹಿಂದಿನಿಂದ ಒಬ್ಬ ಹೆಂಗಸು, "ಎಷ್ಟು ಮುದ್ದಾಗಿದೆ ಅಲ್ವಾ, ಪುಟ್ಟ ಹಡಗು!" ಎಂದು ಗಂಡನಿಗೆ ತೋರಿಸಿದಳು. ಅವನು ಕಣ್ಣು ಕಿರಿದು ಮಾಡಿ, "ಹ್ಞೂಂ ಹ್ಞೂಂ, ಕಾಣ್ತು," ಎಂದ.

ಅವಳು ಇನ್ನೊಮ್ಮೆ ಮಾಡಿನತ್ತ ತಲೆ ಎತ್ತಿದಳು. ಹಾಗಾದರೆ ಇಷ್ಟು ದಿನ ಬಂದವರೆಲ್ಲ ಇಲ್ಲದ ಹಡಗನ್ನು ನೋಡಿ ತಲೆಯಾಡಿಸಿ ಹೋದರೇ?

ಬೇಕರಿಯವನನ್ನು ಕೇಳಿದಳು. "ಯಾವ ಹಡಗಕ್ಕ? ಹಿಟ್ಟು ಬಿಟ್ಟು ನಾನು ತಲೆ ಎತ್ತಿದ್ದೇ ಇಲ್ಲ." ಮ್ಯಾನೇಜರನ್ನು ಕೇಳಿದಳು. "ಯಾರಾದ್ರೂ ದೂರು ಕೊಟ್ಟಿದ್ದಾರಾ? ಇಲ್ವಲ್ಲ! ಜನ ಬರೋದು ಹಡಗಿಗಲ್ಲ, ನಿಮ್ಮ ಮಾತಿಗೆ. ನಾಳಿದ್ದು ಒಂದು ಬಸ್ ತುಂಬಾ ಜನ ಇದ್ದಾರೆ, ನೀವು ಇದನ್ನೆಲ್ಲ ತಲೆಗೆ ಹಚ್ಕೋಬೇಡಿ."

ತಲೆಗೆ ಹಚ್ಚಿಕೊಳ್ಳದೆ ಇರುವುದು ಹೇಗೆ? ಅವಳು ಓದಿದವಳಲ್ಲ, ಅತ್ತೆಯನ್ನು ಬಿಟ್ಟರೆ ಹಿಂದೆ ಮುಂದೆ ಯಾರೂ ಇಲ್ಲ. ನೋಡಿ ಎಂದರೆ ಜನ ನಂಬಿ ತಲೆ ಎತ್ತುತ್ತಾರೆ, ಆ ಒಂದು ನಂಬಿಕೆಯ ಮೇಲೆ ಅವಳ ಬಾಳು ನಿಂತಿದೆ. ನಾಳಿದ್ದು ಬಸ್ಸಿನ ಜನದೆದುರು ಕೈ ಎತ್ತಲು ಆಗುತ್ತದೋ ಇಲ್ಲವೋ ಎಂಬುದೇ ಅವಳಿಗೆ ತಿಳಿಯದಾಯಿತು.

ಸಂಜೆ ಮತ್ತೆ ಆ ಬೀದಿಗೆ ಹೋದಳು. ಯಾರೂ ಜೊತೆಗಿಲ್ಲದೆ, ಗೋಡೆಗೋಡೆಯನ್ನೂ ನೋಡುತ್ತ, ಕತ್ತು ನೋಯುವವರೆಗೆ ನಡೆದಳು. ಗ್ಯಾಸಿನ ದೀಪ ಎಂದು ಹೇಳುತ್ತಿದ್ದ ಕಂಬಗಳಲ್ಲಿ ಜ್ವಾಲೆಯ ಆಕಾರದ ಬಲ್ಬುಗಳಿದ್ದವು. ಅವಳು ದಿನಾ ತೋರಿಸುತ್ತಿದ್ದ ನೇರಳೆ ಹೂವಿನ ಬಳ್ಳಿಯನ್ನು ಬುಡಸಮೇತ ಕಡಿದು ಅಲ್ಲಿ ಕಾರು ನಿಲ್ಲಿಸಿದ್ದರು. ತೋಟದ ಗೇಟು, ಕುದುರೆ ಕಟ್ಟುವ ಬಳೆಗಳು, ಬಣ್ಣದ ಗಾಜು ಹಾಗೇ ಇದ್ದವು. ಇದ್ದದ್ದನ್ನು ಕಂಡೂ ಸಮಾಧಾನವಾಗಲಿಲ್ಲ. ಎರಡೆರಡು ಸಲ ಹೋಗಿ ಮುಟ್ಟಿ ಬಂದಳು.

ಮನೆಯಲ್ಲಿ ಅತ್ತೆಗೆ ಎಲ್ಲ ಹೇಳಿದಳು. ಹೇಳುತ್ತಲೂ ಒಲೆಗೂ ಕಿಟಕಿಗೂ ತಿರುಗುತ್ತಲೇ ಇದ್ದಳು.

ಅತ್ತೆ ಪೂರ್ತಿ ಕೇಳಿದರು. ಆಮೇಲೆ, "ಈಗ ನಾನಾದ್ರೂ ಇಲ್ಲಿ ಇದ್ದೀನಾ, ಸರಿಯಾಗಿ ನೋಡಿ ಹೇಳು. ಆಮೇಲೆ ಇಲ್ಲದ ಅತ್ತೆಗೆ ಕಾಫಿ ಕೊಟ್ಟೆ ಅನ್ಬೇಡ," ಎಂದರು.

ಅವಳಿಗೆ ನಗು ಬಂತು, ನಗುತ್ತಲೇ ಕಣ್ಣು ತುಂಬಿತು.

"ನಂಗೆ ಹೇಳಿದ್ರೆ ಏನು ಬಂತು? ಹೋಗಿ ಆ ಮನೆಯವರನ್ನ ಕೇಳೇ," ಎಂದರು ಅತ್ತೆ.

ಮರುದಿನ ಅವಳು ವ್ಯಾಪಾರಿಯ ಕೆಂಪು ಮನೆಯ ಗಂಟೆ ಒತ್ತಿದಳು. ಇಷ್ಟು ವರ್ಷ ಆ ಗೇಟಿನೆದುರು ನಿಂತಿದ್ದರೂ ಒಳಗೆ ಕಾಲಿಟ್ಟವಳಲ್ಲ. ಬಾಗಿಲು ತೆಗೆದ ಹಿರಿಯ ಹೆಂಗಸು ಕನ್ನಡಕವನ್ನು ಹಣೆಯ ಮೇಲೇರಿಸಿ ನೋಡಿದರು. ಇವಳು "ನಮಸ್ಕಾರ ಅಮ್ಮ" ಎಂದದ್ದೇ ತಡ, ಅವರ ಮುಖ ಅರಳಿತು.

"ಅಯ್ಯೋ, ನೀವಾ! ನಿಮ್ಮ ದನಿ ಗೊತ್ತು, ಬೆನ್ನೂ ಚೆನ್ನಾಗಿ ಗೊತ್ತು. ಮುಖ ನೋಡಿದ್ದು ಇವತ್ತೇ. ಬನ್ನಿ ಒಳಗೆ."

ನಿಂತಲ್ಲೇ ನಿಂತು ಅವಳು ಹಡಗಿನ ವಿಷಯ ಕೇಳಿದಳು.

"ಅದು ಬಿದ್ದು ಯಾವ ಕಾಲವಾಯ್ತು! ಒಂದು ಬಿರುಗಾಳಿಗೆ ಬಂದು ಹೂವಿನ ಕುಂಡದ ಮೇಲೆ ಬಿತ್ತು. ಆಕೆಗೆ ಹೇಳ್ಬಿಡೋಣ ಅಂತ ನಮ್ಮವರು ಅಂದ್ರು, ನಾನೇ ತಡೆದೆ. ಅಷ್ಟು ಚೆನ್ನಾಗಿ ಹೇಳ್ತೀರಿ, ನಡುವೆ ಹೋಗಿ ಯಾಕೆ ಕೆಡಿಸ್ಬೇಕು? ದಿನಾ ಕಿಟಕಿ ತೆರೆದಿಟ್ಟು ಕೇಳ್ತೀನಿ. ಆ ಹೊದಿಕೆ ವಿಷಯ ಬಂದಾಗ ನಂಗೂ ಹಡಗು ಮೇಲೇ ಇದೆ ಅನ್ಸುತ್ತೆ."

ಒಳಗೆ ಕರೆದುಕೊಂಡು ಹೋಗಿ, ಮೆಟ್ಟಿಲ ಕೆಳಗಿನ ಗೂಡಿನ ಬಾಗಿಲು ತೆಗೆದು ತೋರಿಸಿದರು. ಹಳೆಯ ಛತ್ರಿಗಳ ಹಿಂದೆ ಹಸಿರುಗಟ್ಟಿದ ಹಡಗು ಮಗ್ಗುಲಾಗಿ ಮಲಗಿತ್ತು. ಹಾಯಿಕಂಬ ಬಾಗಿತ್ತು. ಅಂಗೈ ಅಗಲದ್ದು ಎಂದು ಅವಳು ಹೇಳುತ್ತಿದ್ದದ್ದು ತೊಟ್ಟಿಲಿನಷ್ಟು ದೊಡ್ಡದಿತ್ತು. ಅವಳು ಬಗ್ಗಿ ಅದರ ಮೂತಿಯ ಮೇಲೆ ಕೈಯಿಟ್ಟಳು. ತಣ್ಣಗಿತ್ತು. ಎಷ್ಟೋ ದಿನದಿಂದ ಒಂದು ಕಡೆ ನಿಲ್ಲದ ಕಾಲು ಅಲ್ಲಿ ಸ್ವಲ್ಪ ಹೊತ್ತು ನಿಂತಿತು.

"ಒಂದು ಕೆಲಸ ಮಾಡ್ತೀನಿ," ಎಂದರು ಮನೆಯೊಡತಿ. "ಮಾಡಿನ ರಿಪೇರಿಯವನು ನಮಗೆ ಗೊತ್ತಿರೋನೇ. ಈಗ್ಲೇ ಫೋನ್ ಮಾಡಿದ್ರೆ ನಾಳೆ ನಿಮ್ಮ ಜನ ಬರೋ ಹೊತ್ತಿಗೆ ಹಡಗು ಮೇಲಿರುತ್ತೆ. ಖರ್ಚು ನಮ್ಮದು. ನಿಮಗೋಸ್ಕರ ಮಾಡ್ತೀನಿ, ಇಷ್ಟು ವರ್ಷ ಪುಕ್ಕಟೆ ಕೇಳಿದ್ದೀನಲ್ಲ."

ಅವಳ ಎದೆ ಒಮ್ಮೆ ಹಗುರವಾಯಿತು. ಒಂದು ಫೋನು ಮಾಡಿದರೆ ಸಾಕು, ಹೇಳಿದ್ದೆಲ್ಲ ನಿಜವಾಗಿಬಿಡುತ್ತದೆ. ಬಸ್ಸಿನ ಜನ ತಲೆ ಎತ್ತಿದರೆ ಹಡಗು ಇರುತ್ತದೆ, ಯಾರಿಗೂ ಏನೂ ಹೇಳಬೇಕಾಗಿಲ್ಲ. ಮನೆಯೊಡತಿ ಆಗಲೇ ಕನ್ನಡಕ ಇಳಿಸಿ ನಂಬರು ಹುಡುಕುತ್ತಿದ್ದರು.

"ಬೇಡಮ್ಮ," ಎಂದಳು.

"ಯಾಕೆ? ಸಂಕೋಚ ಮಾಡ್ಕೋಬೇಡಿ."

"ಸಂಕೋಚ ಅಲ್ಲ. ಮೇಲೆ ಹಾಕಿಸಿದ್ರೆ ನಾನು ನಾಳೆಯಿಂದ್ಲೇ ಮತ್ತೆ ಅದಕ್ಕೆ ಬೆನ್ನು ಮಾಡಿ ನಿಂತ್ಬಿಡ್ತೀನಿ. ನನ್ನ ಬುದ್ಧಿ ನಂಗೊತ್ತು. ಇತ್ತು, ಬಿತ್ತು, ನಾನು ನೋಡಿರ್ಲಿಲ್ಲ ಅಂತ ನಾಳೆ ಅವರಿಗೆ ಹೇಳ್ತೀನಿ."

"ಅಷ್ಟು ಚೆಂದದ ಕತೆ ಕೆಟ್ಟುಹೋಗಲ್ವೇನ್ರಿ?"

"ಕೆಟ್ರೆ ಕೆಡ್ಲಿ ಬಿಡಿ ಅಮ್ಮ. ಫೋನ್ ಒಳಗಿಡಿ," ಎಂದು ಅವಳು ಗೂಡಿನ ಬಾಗಿಲನ್ನು ತಾನೇ ಮುಚ್ಚಿದಳು.